ಹಳೆಯ 486ರ ಗಡಿಯಾರಕ್ಕೆ ಹೊಸ ಸೆಲ್
ಆನ್ ಮಾಡಿದಾಗಲೆಲ್ಲ ‘ಸಿಮೋಸ್ ಚೆಕ್‌ಸಮ್ ಎರರ್’ (ಉಳಿಸಿಟ್ಟ ಸೆಟ್ಟಿಂಗ್‌ಗಳು ಕೆಟ್ಟಿವೆ ಎಂಬ ಸೂಚನೆ) ತೋರಿಸಿ, ದಿನಾಂಕವನ್ನು 1980ರ ಜನವರಿ 1ಕ್ಕೆ ಒಯ್ದು ನಿಲ್ಲಿಸುವ 386 ಅಥವಾ 486 ಪ್ರೊಸೆಸರಿನ ಹಳೆಯ ಕಂಪ್ಯೂಟರಿನಲ್ಲಿ ಕೆಟ್ಟಿರುವುದು ಬಹುತೇಕ ಗಡಿಯಾರದ ಬ್ಯಾಟರಿ. ಇಂಥ ಅನೇಕ ಮದರ್‌ಬೋರ್ಡುಗಳಲ್ಲಿ, ಕೀಬೋರ್ಡ್ ಸಾಕೆಟ್ಟಿನ ಆಸುಪಾಸಿನಲ್ಲಿ, ಪುಟ್ಟ ಪೀಪಾಯಿಯಂಥ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಾರೆ. ಅದರ ಬದಲಿಗೆ ಬೇಕಾದ ಸಿಆರ್2032 ಸೆಲ್, ಹೋಲ್ಡರ್, ಒಂದು 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮತ್ತು ಗೇಣುದ್ದದ ಎರಡು ವೈರುಗಳಿಗೆ ಹೆಚ್ಚು ಖರ್ಚಾಗುವುದಿಲ್ಲ.

ಈ ಬ್ಯಾಟರಿಯ ಬಲದಲ್ಲೇ ಉಳಿಯುವ ಸೆಟಪ್ (ಕಂಪ್ಯೂಟರಿನ ಸೆಟ್ಟಿಂಗ್‌ಗಳು) ಇನ್ನೂ ಅಳಿಸಿಹೋಗಿರದಿದ್ದರೆ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಮೊದಲೇ ಬರೆದುಕೊಳ್ಳಬೇಕು. ಆ ಕಾಲದ ಎಷ್ಟೋ ಬಯಾಸ್‌ಗಳು (ಕಂಪ್ಯೂಟರನ್ನು ಶುರುಮಾಡುವ ತಂತ್ರಾಂಶ) ಡಿಸ್ಕನ್ನು ತಾವಾಗಿ ಗುರುತಿಸುವುದಿಲ್ಲ; ಒಮ್ಮೆ ಇದನ್ನು ಮರೆತು ನಾನು ಒಂದಿಡೀ ಸಂಜೆಯನ್ನು ಕಳೆದುಕೊಂಡಿದ್ದೇನೆ.

ಪ್ಲಗ್ ಕಿತ್ತು, ಬ್ಯಾಟರಿಯ ಧನ ತುದಿ ಯಾವ ಕಡೆಗಿದೆ ಎಂಬುದನ್ನು ಬೋರ್ಡಿನ ಮೇಲೆ ಗುರುತು ಮಾಡಿ, ಕೈಗವಸು ತೊಟ್ಟು ಅದನ್ನು ಬಿಚ್ಚಿರಿ. ಸುತ್ತ ಹಸಿರು-ನೀಲಿ ಹುಡಿ ಕಟ್ಟಿದ್ದರೆ ಅದು ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿಂದ ಗುರುತು. ಗಡಿಯಾರ ನಿಂತದ್ದಕ್ಕಿಂತ ಇದೇ ದೊಡ್ಡ ಕೇಡು. ಹತ್ತಿಯ ಕಡ್ಡಿಯಲ್ಲಿ ಬಿಳಿ ವಿನೆಗರ್ ಅದ್ದಿ ಆ ಜಾಗವನ್ನು ಒರೆಸಿ, ಬಳಿಕ ಡಿಸ್ಟಿಲ್ಡ್ ವಾಟರಿನಿಂದಲೂ ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದಲೂ ತೊಳೆದು, ಪೂರ್ತಿ ಒಣಗಲು ಬಿಡಿ. ಕ್ಷಾರ ಹತ್ತಿದ ಬೆಸುಗೆ ಸುಲಭವಾಗಿ ಕರಗದಿದ್ದಾಗ ಒತ್ತಡ ಹಾಕದೆ, ಬೆಸುಗೆ ಸಲೀಸಾಗಿ ಹರಿಯಲು ನೆರವಾಗುವ ಫ್ಲಕ್ಸ್ ಹಚ್ಚಿ ಸ್ವಲ್ಪ ಹೊಸ ಬೆಸುಗೆ ಸೀಸ ಸೇರಿಸಿದರೆ ಅದು ಬಿಟ್ಟುಕೊಡುತ್ತದೆ. ಕ್ಯಾಡ್ಮಿಯಂ ವಿಷವಾದ್ದರಿಂದ ಹಳೆಯ ಬ್ಯಾಟರಿಯನ್ನು ಇ-ತ್ಯಾಜ್ಯಕ್ಕೇ ಕೊಡಬೇಕು.

ಇನ್ನು ಡಯೋಡಿನ ವಿಚಾರ. ಕಂಪ್ಯೂಟರ್ ಚಾಲೂ ಇರುವಷ್ಟು ಹೊತ್ತೂ ಬೋರ್ಡು ಹಳೆಯ ಬ್ಯಾಟರಿಗೆ ಚಾರ್ಜ್ ತುಂಬುತ್ತಿತ್ತು. ಸಿಆರ್2032 ಚಾರ್ಜ್ ಮಾಡಬಾರದ ಲಿಥಿಯಂ ಸೆಲ್ ಆದ್ದರಿಂದ ಅದನ್ನು ನೇರವಾಗಿ ಜೋಡಿಸಿದರೆ ಉಬ್ಬಿ ಒಡೆಯುವ ಅಪಾಯವಿದೆ. ಆ ಚಾರ್ಜನ್ನು ತಡೆಯಲು ಹೋಲ್ಡರಿನ ಧನ ತುದಿಗೂ ಬೋರ್ಡಿನ ಧನ ತೂತಿಗೂ ನಡುವೆ, ಕಪ್ಪು ಪಟ್ಟಿಯಿರುವ ತುದಿ ಬೋರ್ಡಿನ ಕಡೆಗೆ ಬರುವಂತೆ ಡಯೋಡನ್ನು ಬೆಸೆಯಿರಿ. ಷಾಟ್ಕಿ ಎಂಬ ಇನ್ನೊಂದು ಬಗೆಯ ಡಯೋಡಿನಲ್ಲಿ ವೋಲ್ಟೇಜ್ ಕಡಿಮೆ ಇಳಿಯುತ್ತದೆ ಎಂದು ಕೆಲವರು ಅದನ್ನೇ ಆರಿಸುತ್ತಾರೆ. ಆದರೆ ಅದರಲ್ಲಿ ಹಿಮ್ಮುಖ ಸೋರಿಕೆ ಹೆಚ್ಚು, ಅಲ್ಲದೆ ಗಡಿಯಾರ ಎಳೆಯುವ ಕರೆಂಟು ಬಹಳ ಕಡಿಮೆ ಇರುವುದರಿಂದ 1ಎನ್4148ರಲ್ಲಿ ಆಗುವ ಇಳಿಕೆಯೂ ಸಾಮಾನ್ಯವಾಗಿ ತೊಡಕಾಗುವುದಿಲ್ಲ.

ಹೋಲ್ಡರನ್ನು ಬೋರ್ಡಿನಿಂದ ದೂರ, ಕ್ಯಾಬಿನೆಟ್ಟಿನ ಗೋಡೆಗೆ ಅಂಟಿಸುವುದು ಮೇಲು. ಕಂಪ್ಯೂಟರ್ ಆನ್ ಮಾಡಿ, ಸೆಲ್ಲಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿಯಿರಿ: ಆಫ್ ಇದ್ದಾಗಿನ ಅಳತೆಗಿಂತ ವೋಲ್ಟೇಜ್ ಏರುತ್ತಿದ್ದರೆ ಡಯೋಡ್ ತಿರುವುಮುರುವಾಗಿದೆ, ಕೂಡಲೇ ಆಫ್ ಮಾಡಿ ಸರಿಪಡಿಸಬೇಕು. ಏರದಿದ್ದರೆ ಸಮಯವನ್ನೂ ಡಿಸ್ಕಿನ ಸಂಖ್ಯೆಗಳನ್ನೂ ತುಂಬಿ, ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಗಡಿಯಾರವನ್ನು ಕೈಗಡಿಯಾರದ ಜೊತೆ ಹೋಲಿಸಿ ನೋಡಿ.