ಕಸ ಗುಡಿಸಿದ ಕ್ಯಾಲೊರಿಗೆ ಕೊನೆಗೂ ಲೆಕ್ಕ ಸಿಕ್ಕಿತು: ನನ್ನ ಅನುಭವ

ಮನೆಗೆಲಸದ ಕ್ಯಾಲೊರಿಗೆ ಲೆಕ್ಕ ಇಡುತ್ತೇನೆ ಅಂದಾಗ ಓಟದವರು, ಜಿಮ್‌ನವರು ಎಲ್ಲರದ್ದೂ ಒಂದೇ ರಾಗ: ಅದನ್ನು ಸೊನ್ನೆ ಅಂತಲೇ ಹಿಡಿ. ನನ್ನ ತಮ್ಮನಂತೂ, "ಅಕ್ಕಾ, ಕಸ ಗುಡಿಸಿದ್ದಕ್ಕೂ ಬರ್ಕೋತೀಯಲ್ಲ, ಉಸಿರಾಡಿದ್ದಕ್ಕೂ ಬರ್ಕೊ" ಅಂದ. (ಬರೆದುಕೊಳ್ಳಲೇಬೇಕು, ಸುಮ್ಮನೆ ಮಲಗಿದ್ದರೂ ಉಸಿರಾಟ, ಎದೆಬಡಿತಕ್ಕೆ ದೇಹ ಸುಡುವ ಕ್ಯಾಲೊರಿ, ಅಂದರೆ ಬಿಎಂಆರ್, ಇನ್ನೇನು?) ಅತ್ತ ನನ್ನ ಕೈಪಟ್ಟಿ (ಫಿಟ್‌ನೆಸ್ ಬ್ಯಾಂಡ್), ಮನೆಗೆಲಸದಲ್ಲೇ ದಿನಕ್ಕೆ 700 ಚಿಲ್ಲರೆ ಸುಟ್ಟೆ ಅಂತ ಶಹಬ್ಬಾಸ್‌ಗಿರಿ ಕೊಡುತ್ತಿತ್ತು. ಎರಡೂ ಸುಳ್ಳು. 62 ಕೆಜಿ ತೂಕದ, 46 ವರ್ಷ ದಾಟದ ನನಗೆ ಅದು 330ರ ಆಸುಪಾಸು. ಈಗ ಇದನ್ನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ತೂಕದ ಯಂತ್ರ ನನ್ನ ಕಡೆ ಸಾಕ್ಷಿ ಹೇಳಿದೆ.

ಮೊದಲು ಕೈಬಿಟ್ಟ ದುಡ್ಡಿನ ಕಥೆ. ಕೈಪಟ್ಟಿಗೆ ಅರ್ಧ ತಿಂಗಳ ಸಂಬಳ ಹೋಯಿತು. ಹಿಟ್ಟು ನಾದಿದರೆ ಅದು ಹೆಜ್ಜೆ ಎಣಿಸುತ್ತದೆ, ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ನಡೆದರೆ ಅರ್ಧಕ್ಕರ್ಧ ಹೆಜ್ಜೆ ನುಂಗುತ್ತದೆ. ಕಾಲಿನ ಮಣಿಕಟ್ಟಿಗೆ ಕಟ್ಟಿ ನೋಡಿದೆ, ಹೆಜ್ಜೆ ಸರಿಹೋಯಿತು, ಎದೆಬಡಿತ ಕೆಟ್ಟಿತು. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಪಟ್ಟಿಗಳನ್ನು ಪರೀಕ್ಷಿಸಿದ್ದರು. ಎದೆಬಡಿತ ಪರವಾಗಿಲ್ಲ, ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಪಟ್ಟಿಯೇ ಸರಾಸರಿ 27 ಪರ್ಸೆಂಟ್ ತಪ್ಪು, ಅತಿ ಕೆಟ್ಟದ್ದು 93. ಅದನ್ನು ಕೊಳ್ಳುವ ಮೊದಲು ಓದಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಆಮೇಲೆ ಒಂದು ಆ್ಯಪ್‌ಗೆ ವರ್ಷದ ಚಂದಾ. ಅದರಲ್ಲಿ "ಮನೆ ಸ್ವಚ್ಛತೆ" ಅಂತ ಒಂದೇ ಒಂದು ಸಾಲು. ಧೂಳು ಒರೆಸಿದರೂ ಅಷ್ಟೇ, ಮಂಡಿಯೂರಿ ನೆಲ ತಿಕ್ಕಿದರೂ ಅಷ್ಟೇ. ಕೊನೆಗೆ ಮುಖವಾಡ ಹಾಕಿ, ದೇಹ ಬಳಸಿದ ಆಮ್ಲಜನಕದಿಂದ ಕ್ಯಾಲೊರಿ ಅಳೆಯುವ ಒಂದು ಕೇಂದ್ರಕ್ಕೆ ಫೋನ್ ಮಾಡಿ, ನೆಲ ಒರೆಸುತ್ತಾ ಅಳೆಯಬಹುದಾ ಅಂತ ಕೇಳಿದೆ. "ಮೇಡಂ, ಟ್ರೆಡ್‌ಮಿಲ್ ಮಾತ್ರ" ಅಂದರು. ಹೇಳಿದ ಶುಲ್ಕ ಕೇಳಿ ಫೋನ್ ಇಟ್ಟೆ.

ಹಾಗಾಗಿ ಕಂಪೆಂಡಿಯಂ ಪಟ್ಟಿಗೇ ಬಂದೆ, ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚು ಅಂತ ಸಂಶೋಧಕರು ಮಾಡಿದ ಪಟ್ಟಿ ಅದು. 1993ರಲ್ಲಿ ಮೊದಲ ಸಲ ಬಂದದ್ದು, 2000, 2011, 2024ರಲ್ಲಿ ತಿದ್ದಿದ್ದು. ನಾನು ಬಳಸಿದ್ದು 2011ರದ್ದು: ಗುಡಿಸುವುದು 3.3 ಮೆಟ್ (ಸುಮ್ಮನೆ ಕೂತಾಗಿನ ಖರ್ಚಿನ 3.3 ಪಟ್ಟು), ನಿಂತು ಪಾತ್ರೆ ತೊಳೆಯುವುದು 1.8, ಕೈಯಲ್ಲಿ ಬಟ್ಟೆ ಒಗೆಯುವುದು 4, ಮಂಡಿಯೂರಿ ನೆಲ ತಿಕ್ಕುವುದು ಮಧ್ಯಮ ವೇಗದಲ್ಲಿ 3.5, ಜೋರಾದರೆ 6.5. ಈ ಮಧ್ಯಮ ಮತ್ತು ಜೋರಿನ ನಡುವೆಯೇ ಮನೆ ಮುಳುಗುವುದು. ನಾನು ತಿಕ್ಕಿದ್ದು ಯಾವುದು ಅಂತ ಪಟ್ಟಿ ಹೇಳುವುದಿಲ್ಲ, ನನ್ನ ಸೊಂಟವನ್ನು ಕೇಳಿದರೆ ಯಾವತ್ತೂ ಜೋರೇ. ಇನ್ನೊಂದು, ಮೆಟ್‌ನೊಳಗೆ ಸುಮ್ಮನೆ ಕೂತಿದ್ದರೂ ಖರ್ಚಾಗುವ 1 ಸೇರಿಕೊಂಡಿದೆ. ಬಿಎಂಆರ್ ಬೇರೆ ಬರೆದು, ಮೇಲೆ ಪೂರ್ತಿ ಮೆಟ್ ಕೂಡಿಸಿದರೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಪಾತ್ರೆ ತೊಳೆಯುವಂಥ ಹಗುರ ಕೆಲಸದಲ್ಲಿ ಇದು ವಿಪರೀತ: ಆ 1 ಕಳೆದ ನಿವ್ವಳ ಲೆಕ್ಕದಲ್ಲಿ ನನಗೆ ನಿಮಿಷಕ್ಕೆ 0.8 ಕ್ಯಾಲೊರಿ ಇದ್ದದ್ದು 1.9 ಆಗಿಬಿಡುತ್ತದೆ.

ನಿಮಿಷಗಳದ್ದು ಇನ್ನೂ ದೊಡ್ಡ ರಗಳೆ. ದಿನಕ್ಕೆ ಐದು ಗಂಟೆ ಮನೆಗೆಲಸ ಮಾಡುತ್ತೇನೆ ಅಂತ ನಾನು ಯಾರೆದುರು ಬೇಕಾದರೂ ವಾದಿಸುತ್ತಿದ್ದೆ. ಕಾರ್ಖಾನೆಗಳಲ್ಲಿ ಮಾಡುವ ಹಾಗೆ ಫೋನಿನಲ್ಲಿ ಹೊತ್ತಲ್ಲದ ಹೊತ್ತಿಗೆ ಗಂಟೆ ಬಾರಿಸುವಂತೆ ಇಟ್ಟೆ. ಬಾರಿಸಿದ ಕ್ಷಣಕ್ಕೆ ಏನು ಮಾಡುತ್ತಿದ್ದೆನೋ ಅದರ ಒಂದಕ್ಷರ ಗೋಡೆಗೆ ಅಂಟಿಸಿದ ಹಾಳೆಯಲ್ಲಿ: ಬಾಗಿದ್ದರೆ ಬಾ, ನಿಂತಿದ್ದರೆ ನಿ, ನಡೆಯುತ್ತಿದ್ದರೆ ನ, ಏನಾದರೂ ಹೊತ್ತಿದ್ದರೆ ಹೊ, ಕೂತಿದ್ದರೆ ಕೂ. ಪಕ್ಕದಲ್ಲಿ ಕೆಲಸದ ಹೆಸರು. ಒದ್ದೆ ಕೈಗೆ ಪೆನ್ಸಿಲ್ಲೇ ಸರಿ, ಪೆನ್ನು ಹರಡುತ್ತದೆ. ನೂರು ಸಲ ಬಾರಿಸಿದರೆ ಇಪ್ಪತ್ತು ಸಲ ಮಾತ್ರ ನಿಜವಾದ ಕೆಲಸ. ಎಚ್ಚರವಿರುವ 16 ಗಂಟೆಗೆ ಅದು ಮೂರು ಗಂಟೆ ಚಿಲ್ಲರೆ ಆಯಿತು. ಉಳಿದ ಎರಡು ಗಂಟೆ ಹುಡುಕಾಟ, ಫೋನು, ಬಾಗಿಲಲ್ಲಿ ನಿಂತ ಮಾತು, ನೀರು ತುಂಬುವುದನ್ನು ಕಾಯುವುದು. ಇದೊಂದರಲ್ಲೇ ಹಳೆಯ ಲೆಕ್ಕದ ಮೂರರಲ್ಲಿ ಒಂದು ಪಾಲಿನ ಮೇಲೆ ಉದುರಿತು. ಮನೆಯವರಿಗೆ ಆ ಹಾಳೆ ತೋರಿಸಿಲ್ಲ.

ಈಗ ಮುಖ್ಯ ಕೆಲಸ, ಎದೆಬಡಿತ ನೋಡಿ ಕ್ಯಾಲೊರಿ ಹೇಳುವ ನನ್ನದೇ ಗೆರೆ. ಕೈಪಟ್ಟಿಯ ಕಾಲುಭಾಗ ಬೆಲೆಗೆ ಎದೆಗೆ ಕಟ್ಟುವ ಪಟ್ಟಿ ಸಿಕ್ಕಿತು, ಅದರ ಎದೆಬಡಿತ ನಂಬಬಹುದು. ನನ್ನ ಮೆಟ್ಟಿಲ ಎತ್ತರ 20 ಸೆಂಟಿಮೀಟರ್. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ, ಇದು ಒಂದು ಸುತ್ತು, ತಾಳ ಹಾಕುವ ಮೆಟ್ರೊನೋಮ್‌ನ ನಾಲ್ಕು ಟಿಕ್. ನಿಮಿಷಕ್ಕೆ 12, 18, 24 ಸುತ್ತು, ಅಂದರೆ 48, 72, 96 ಟಿಕ್. ಪ್ರತಿ ವೇಗದಲ್ಲೂ ಐದಾರು ನಿಮಿಷ, ಕೊನೆಯ ಎರಡು ನಿಮಿಷದ ಎದೆಬಡಿತ ಮಾತ್ರ ಲೆಕ್ಕಕ್ಕೆ. ಮೆಟ್ಟಿಲೇರುವುದಕ್ಕೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಸೂತ್ರ ಒಂದಿದೆ, ಕೆಜಿ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬೇಕು ಅಂತ ಹೇಳುವುದು: ನಿಮಿಷದ ಸುತ್ತು × 0.2, ಅದಕ್ಕೆ 1.33 × 1.8 × ಮೀಟರಿನಲ್ಲಿ ಎತ್ತರ × ಸುತ್ತು ಕೂಡಿಸಿ, ಕೊನೆಗೆ 3.5. ಆ 3.5 ವಿಶ್ರಾಂತಿಯ ಪಾಲು, ಅದನ್ನು ನಾನು ಹಾಕುವುದೇ ಇಲ್ಲ, ಹಾಗಾಗಿ ಬರುವುದೆಲ್ಲ ನಿವ್ವಳ. ಅದನ್ನು ನನ್ನ ತೂಕದಿಂದ ಗುಣಿಸಿ, ಒಂದು ಲೀಟರ್ ಆಮ್ಲಜನಕಕ್ಕೆ 5 ಕ್ಯಾಲೊರಿ ಹಿಡಿದರೆ ನನಗೆ ಬಂದದ್ದು ನಿಮಿಷಕ್ಕೆ 2.5, 3.8, 5 ಕ್ಯಾಲೊರಿ. ಎದೆಬಡಿತ 95, 108, 121ರ ಹತ್ತಿರ. ಹಾಳೆಯಲ್ಲಿ ಮೂರು ಚುಕ್ಕಿ ಇಟ್ಟು ಸ್ಕೇಲ್ ಹಿಡಿದರೆ ನೇರ ಗೆರೆ: ಹತ್ತು ಬಡಿತಕ್ಕೆ ಒಂದು ಕ್ಯಾಲೊರಿ.

ಆ ಗೆರೆಯ ಮೇಲೆ ಗುಡಿಸುವುದು 2.2ಕ್ಕೆ ಬಂತು, ಕಂಪೆಂಡಿಯಂ ಪಟ್ಟಿಯ ನಿವ್ವಳ 2.4. ಇಷ್ಟು ಹತ್ತಿರ ಬಂದಾಗ ಒಬ್ಬಳೇ ನಕ್ಕೆ. ಮಂಡಿಯೂರಿ ಒರೆಸುವುದು 3.1, ಪಟ್ಟಿಯ ಮಧ್ಯಮಕ್ಕಿಂತ ಮೇಲೆ, ಜೋರಿಗಿಂತ ಎಷ್ಟೋ ಕೆಳಗೆ. ಸೊಂಟ ಹೇಳಿದ್ದು ಸುಳ್ಳು ಅಂತಾಯಿತು. 85ರ ಕೆಳಗಿನ ಬಡಿತಕ್ಕೆ ಗೆರೆ ಬಳಸಬೇಡಿ. ನಿಂತರೆ, ಸಿಟ್ಟು ಬಂದರೆ, ಸೆಖೆಯಾದರೆ ಅಷ್ಟು ಏರುತ್ತದೆ. ಪಾತ್ರೆ, ಅಡುಗೆಗೆ ಕಂಪೆಂಡಿಯಂನ ಮೆಟ್ ಅಂಕಿಯಿಂದ 1 ಕಳೆದು ಹಿಡಿದರೆ ಸಾಕು. ಎದೆಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ದಾರಿಯೇ ಬೇಡ.

ಬಟ್ಟೆ ಒಗೆಯುವುದು ತಲೆ ತಿಂದಿತು. ಒಂದೇ ಪ್ರಮಾಣದ ಆಮ್ಲಜನಕಕ್ಕೆ ಕಾಲಿಗಿಂತ ಕೈಕೆಲಸದಲ್ಲಿ ಬಡಿತ ಹೆಚ್ಚು, ಗಟ್ಟಿಯಾಗಿ ಹಿಂಡಿದರೆ ಇನ್ನೂ ಹೆಚ್ಚು. ಮೆಟ್ಟಿಲ ಗೆರೆ ಇಲ್ಲಿ ಉಬ್ಬಿಸಿ ಹೇಳುತ್ತದೆ. ಹಾಗಾಗಿ ಕೈಕೆಲಸಕ್ಕೆ ಒಂದು ಕಡಿತ ಹಾಕುತ್ತೇನೆ. ಅದು ಎಷ್ಟು, ಹೇಗೆ ಕಂಡುಕೊಂಡೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ಬೆವರು ಹರಿಸಿದ್ದೇನೆ. ಬಟ್ಟೆಯನ್ನು ಕೂತು ಒಗೆದದ್ದು, ನಿಂತು ಒಗೆದದ್ದು ಬೇರೆ ಬೇರೆ ಬರೆದಿಟ್ಟುಕೊಳ್ಳಿ ಅಂತ ಮಾತ್ರ ಹೇಳುತ್ತೇನೆ.

ನಡುವೆ ಬಕೆಟ್ಟಿನ ಹುಚ್ಚೂ ಹತ್ತಿತ್ತು. ಹತ್ತು ಲೀಟರ್ ನೀರು ಹೊತ್ತು ಒಂದು ಮಹಡಿ, ಅಂದರೆ ಮೂರು ಮೀಟರ್ ಏರಿದರೆ ಎಷ್ಟು? ದೇಹ, ನೀರು ಸೇರಿ 72 ಕೆಜಿ, ಎತ್ತುವ ಕೆಲಸ ಅರ್ಧ ಕ್ಯಾಲೊರಿ. ಸ್ನಾಯುವಿನ ದಕ್ಷತೆ ನಾಲ್ಕರಲ್ಲಿ ಒಂದು ಪಾಲು ಅಂದುಕೊಂಡರೆ ಎರಡು. ಏದುಸಿರು ಬಿಟ್ಟು ಏರಿದ್ದಕ್ಕೆ ಎರಡೇ ಎರಡು! ಅವತ್ತು ತಮ್ಮನ ಮಾತು ನಿಜವೇನೋ ಅನ್ನಿಸಿತು.

ತೀರ್ಪು ಕೊಟ್ಟದ್ದು ತೂಕದ ಯಂತ್ರ. ಸುಮಾರು ಆರು ವಾರ ತಿಂದದ್ದನ್ನೆಲ್ಲ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದೆ, ಸರಾಸರಿ 1750ರ ಹತ್ತಿರ ಬಂತು. ಬೆಳಿಗ್ಗೆ ಎದ್ದ ಕೂಡಲೇ ದೇಹದ ತೂಕ, ಆದರೆ ನೋಡಿದ್ದು ವಾರದ ಸರಾಸರಿ ಮಾತ್ರ. ದಿನದ ತೂಕ ನೀರಿನ ಆಟ. ತೂಕ, ಎತ್ತರ, ವಯಸ್ಸಿನಿಂದ ಲೆಕ್ಕ ಹಾಕುವ ಮಿಫ್ಲಿನ್ ಸೂತ್ರದ ಬಿಎಂಆರ್ 1217, ಓಡಾಟ ಮತ್ತು ಕೂತ ಕೆಲಸಕ್ಕೆ 230, ಜೀರ್ಣಕ್ಕೆ 175, ಮೇಲೆ ಮನೆಗೆಲಸದ 330. ಒಟ್ಟು 1950, ದಿನದ ಕೊರತೆ 200. ಕೆಜಿ ಕೊಬ್ಬಿಗೆ 7700ರಂತೆ ಒಂದು ಕೆಜಿ ಚಿಲ್ಲರೆ ಇಳಿಯಬೇಕಿತ್ತು. ಕೈಪಟ್ಟಿಯ 700 ನಿಜವಾದರೆ ಮೂರು ಕೆಜಿ ಇಳಿಯಬೇಕು. ತಮ್ಮನ ಸೊನ್ನೆ ನಿಜವಾದರೆ ಮುಕ್ಕಾಲು ಕೆಜಿ ಏರಬೇಕು. ಇಳಿದದ್ದು ಒಂದು ಕೆಜಿ, ನೂರಿನ್ನೂರು ಗ್ರಾಂ ಮೇಲೆ.

ಬೇರೆ ಅಂಕಿಗಳಲ್ಲಿ ಐವತ್ತು ನೂರರ ಏರುಪೇರು ಇದ್ದೇ ಇರುತ್ತದೆ, ಒಪ್ಪುತ್ತೇನೆ. ಆದರೂ 700 ಮತ್ತು ಸೊನ್ನೆಯನ್ನು ಹೊರಗಟ್ಟಲು ಇಷ್ಟು ಸಾಕು. ತಮ್ಮ ಈಗ ತನ್ನ ಗೆರೆಯನ್ನೂ ಹಾಕಿಕೊಡು ಅಂತ ಬೆನ್ನು ಬಿದ್ದಿದ್ದಾನೆ. ನೀವೂ ಹಾಕಿಕೊಳ್ಳುವುದಾದರೆ ತಂಪು ಹೊತ್ತಿನಲ್ಲಿ, ಕಾಫಿಗೆ ಮೊದಲು ಮಾಡಿ. ಮೆಟ್ಟಿಲನ್ನು ಮಾತ್ರ ಕಣ್ಣಂದಾಜಿಗೆ ಬಿಡದೆ ಟೇಪಿನಲ್ಲೇ ಅಳೆಯಿರಿ: 18 ಸೆಂಟಿಮೀಟರಿನದ್ದನ್ನು 20 ಅಂದುಕೊಂಡರೆ ಇಡೀ ಗೆರೆ ಏಳೆಂಟು ಪರ್ಸೆಂಟ್ ಮೇಲೆ ಕೂರುತ್ತದೆ.