ಕರಾವಳಿಯ ಒಂದು ಮತಗಟ್ಟೆಯ ಪಟ್ಟಿಯನ್ನು ಎರಡು ದಿಕ್ಕಿನಿಂದ ಪರಿಶೀಲಿಸುವ ಬಗೆ

ಮತದಾನದ ದಿನ ಮತಗಟ್ಟೆಯ ಬಾಗಿಲಿಗೆ ಬಂದು ‘ನನ್ನ ಹೆಸರೇ ಇಲ್ಲವಲ್ಲ’ ಎನ್ನುವವರಿಗೆ ಆ ಹೊತ್ತಿನಲ್ಲಿ ಯಾರೂ ನೆರವಾಗಲಾರರು. ಪ್ರಜಾಪ್ರತಿನಿಧಿ ಕಾಯ್ದೆ 1950ರ 23ನೇ ಕಲಮಿನ ಪ್ರಕಾರ, ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ಗಡುವು ಮುಗಿದ ಮೇಲೆ ಆ ಚುನಾವಣೆ ಪೂರ್ಣಗೊಳ್ಳುವವರೆಗೆ ಪಟ್ಟಿಗೆ ಹೆಸರು ಸೇರಿಸುವಂತೆಯೂ ಇಲ್ಲ, ತೆಗೆಯುವಂತೆಯೂ ಇಲ್ಲ. ಹೀಗಾಗಿ ಮತದಾರರ ಹಕ್ಕನ್ನು ಕಾಯುವ ಕೆಲಸದಲ್ಲಿ ಮುಕ್ಕಾಲು ಪಾಲು ಚುನಾವಣೆಯ ಸುದ್ದಿಯೇ ಇಲ್ಲದ ದಿನಗಳಲ್ಲಿ ನಡೆಯಬೇಕು. ಕಾರವಾರದಿಂದ ಭಟ್ಕಳದವರೆಗಿನ ಯಾವುದೇ ಊರಿನ ಯುವಕ ಸಂಘವೋ ಮಹಿಳಾ ಮಂಡಲವೋ ಕಾಲೇಜಿನ ಎನ್‌ಎಸ್‌ಎಸ್ ಘಟಕವೋ ತನ್ನ ಒಂದು ಮತಗಟ್ಟೆಯ ಮಟ್ಟಿಗೆ ಆ ಕೆಲಸವನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಧಾನ ನಾವು ಕಂಡುಹಿಡಿದದ್ದಲ್ಲ. 1983ರಲ್ಲಿ ಹುಟ್ಟಿದ ಫಿಲಿಪ್ಪೀನ್ಸ್‌ನ ನ್ಯಾಮ್‌ಫ್ರೆಲ್ ಎಂಬ ನಾಗರಿಕ ಸಂಸ್ಥೆ 1986ರ ಫೆಬ್ರವರಿಯ ಅಧ್ಯಕ್ಷೀಯ ಚುನಾವಣೆಯಲ್ಲಿ ಸ್ವಯಂಸೇವಕರ ಮೂಲಕ ಸಮಾನಾಂತರ ಎಣಿಕೆ (ಸರ್ಕಾರದ ಎಣಿಕೆಯ ಜೊತೆಗೆ ತನ್ನದೇ ಪ್ರತ್ಯೇಕ ಎಣಿಕೆ) ನಡೆಸಿದ ಮೇಲೆ, ಅಂಥ ಸಂಸ್ಥೆಗಳಿಗೆ ತರಬೇತಿ ಕೊಡುವುದನ್ನು ಅಮೆರಿಕದ ನ್ಯಾಷನಲ್ ಡೆಮಾಕ್ರಟಿಕ್ ಇನ್‌ಸ್ಟಿಟ್ಯೂಟ್‌ನಂಥ ಲಾಭರಹಿತ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡವು. ಹಲವು ದೇಶಗಳ ಅನುಭವದಿಂದ ಮತದಾರರ ಪಟ್ಟಿಯನ್ನು ಎರಡು ದಿಕ್ಕಿನಿಂದ ನೋಡುವ ಕ್ರಮ ರೂಪುಗೊಂಡಿತು. ಪಟ್ಟಿಯಿಂದ ಹೆಸರು ಆಯ್ದುಕೊಂಡು ಆ ವ್ಯಕ್ತಿಯನ್ನು ಹುಡುಕುತ್ತ ಹೋಗುವುದು ಒಂದು ದಿಕ್ಕು. ಮನೆಯಲ್ಲಿರುವ ವ್ಯಕ್ತಿಯಿಂದ ಹೊರಟು ಅವರ ಹೆಸರನ್ನು ಪಟ್ಟಿಯಲ್ಲಿ ಹುಡುಕುವುದು ಇನ್ನೊಂದು. ಮೊದಲನೆಯದರಲ್ಲಿ ಸತ್ತವರು, ಊರು ಬಿಟ್ಟವರು, ಎರಡೆರಡು ಕಡೆ ಇರುವವರು ಸಿಗುತ್ತಾರೆ. ಎರಡನೆಯದರಲ್ಲಿ, ಇರಬೇಕಾಗಿದ್ದೂ ಇಲ್ಲದವರು ಸಿಗುತ್ತಾರೆ. ನಮ್ಮಲ್ಲಿ ಪಟ್ಟಿಯ ಬಗ್ಗೆ ಎದ್ದ ಗದ್ದಲವೆಲ್ಲ ಮೊದಲನೆಯದರ ಸುತ್ತಲೇ ತಿರುಗುತ್ತದೆ, ಆದರೆ ಹಕ್ಕು ಕಳೆದುಕೊಂಡವರು ಇರುವುದು ಎರಡನೆಯದರಲ್ಲಿ.

ಅಂತರರಾಷ್ಟ್ರೀಯ ಸಂಸ್ಥೆ ಎಂದೊಡನೆ ಹಣದ ಪ್ರಶ್ನೆ ಬರುವುದರಿಂದ ಅದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ ಅಡಿಯಲ್ಲಿ ಅಭ್ಯರ್ಥಿಗಳು, ರಾಜಕೀಯ ಪಕ್ಷಗಳು ಮತ್ತು ರಾಜಕೀಯ ಸ್ವರೂಪದ ಸಂಘಟನೆಗಳು ವಿದೇಶಿ ಹಣ ಪಡೆಯುವಂತಿಲ್ಲ. ಉಳಿದ ಸಂಘಗಳಿಗೂ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ, ಹಾಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದೂ ನಿಷಿದ್ಧ. ಆದ್ದರಿಂದ ‘ಬೆಂಗಳೂರಿನ ದೊಡ್ಡ ಸಂಸ್ಥೆಗೆ ಬಂದದ್ದರಲ್ಲಿ ನಮಗಿಷ್ಟು ಕೊಡುತ್ತಾರಂತೆ’ ಎಂಬ ಮಾತಿಗೆ ಕಿವಿಗೊಡಬೇಡಿ. ನಮಗೆ ಬೇಕಾಗಿರುವುದು ಆ ಸಂಸ್ಥೆಗಳು ಬಹಿರಂಗವಾಗಿ ಪ್ರಕಟಿಸಿರುವ ಕೈಪಿಡಿಗಳು ಮತ್ತು ಎರಡು ಘೋಷಣೆಗಳು. ಒಂದು, 2005ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಚುನಾವಣಾ ವೀಕ್ಷಣೆಯ ತತ್ತ್ವಗಳು. ಇನ್ನೊಂದು, 2012ರ ಏಪ್ರಿಲ್ 3ರಂದು ನಾಗರಿಕ ಸಂಘಟನೆಗಳು ಹೊರತಂದ ಪಕ್ಷಾತೀತ ವೀಕ್ಷಣೆಯ ಜಾಗತಿಕ ತತ್ತ್ವಗಳು. ನಮ್ಮಂಥವರಿಗೆ ಎರಡನೆಯದೇ ಹೆಚ್ಚು ಉಪಯುಕ್ತ. ಅದರ ತಿರುಳನ್ನು ಒಂದು ಹಾಳೆ ಕನ್ನಡದಲ್ಲಿ ಬರೆದು ಪ್ರತಿ ಸ್ವಯಂಸೇವಕರಿಂದ ಸಹಿ ಪಡೆಯಿರಿ: ನಾನು ಯಾವ ಪಕ್ಷದ ಮತಗಟ್ಟೆ ಏಜೆಂಟನೂ ಅಲ್ಲ, ಯಾರಿಗೆ ಮತ ಹಾಕುತ್ತೀರಿ ಎಂದು ಯಾರನ್ನೂ ಕೇಳುವುದಿಲ್ಲ, ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಊರಿನಲ್ಲಿ ಎಲ್ಲರಿಗೂ ಎಲ್ಲರ ಪಕ್ಷ ಗೊತ್ತಿರುತ್ತದೆ. ಅದಕ್ಕೇ ಬೇರೆ ಬೇರೆ ಒಲವಿನ ಇಬ್ಬರನ್ನು ಜೋಡಿಯಾಗಿ ಕಳುಹಿಸುವುದು ಲೇಸು.

ಕಾಲದ ಆಯ್ಕೆ ಇಲ್ಲಿ ಬಹಳ ಮುಖ್ಯ. ನಾವು ಮೊದಲ ಸಲ ಏಪ್ರಿಲ್ ತಿಂಗಳಲ್ಲಿ ಹೊರಟು, ಬಂದರಿನ ಕೇರಿಯಲ್ಲಿ ಗಂಡಸರೇ ಸಿಗದೆ ಹಿಂದಿರುಗಿದೆವು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವಾಗ ದೋಣಿಗಳು ದಡ ಸೇರಿರುತ್ತವೆ, ದೂರದ ಬಂದರುಗಳಿಗೆ ಹೋದ ತಾಂಡೇಲರೂ (ದೋಣಿ ನಡೆಸುವವರು) ಖಲಾಸಿಗಳೂ (ದೋಣಿಯ ಕೆಲಸಗಾರರು) ಮನೆಯಲ್ಲಿರುತ್ತಾರೆ. ಮಳೆಯಲ್ಲಿ ಕಾಗದ ಒದ್ದೆಯಾಗುವ ಕಷ್ಟ ಉಂಟು. ಪ್ಲಾಸ್ಟಿಕ್ ಚೀಲವೊಂದಿದ್ದರೆ ಅದು ದೊಡ್ಡದಲ್ಲ. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು (ಹದಿನೆಂಟು ತುಂಬಿತೇ ಎಂದು ಲೆಕ್ಕ ಹಾಕುವ ದಿನಗಳು) ಇರುವುದರಿಂದ, ಆಷಾಢದಲ್ಲಿ ಸಿಕ್ಕ ಹದಿನೆಂಟು ತುಂಬುವ ಹುಡುಗಿಯ ಅರ್ಜಿಗೆ ಮುಂದಿನ ಜನವರಿಯವರೆಗೆ ಕಾಯಬೇಕಾಗಿಲ್ಲ.

ಪಟ್ಟಿಯನ್ನು ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಉತ್ತರ ಕನ್ನಡ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ನಿಮ್ಮದನ್ನು ಆರಿಸಿ, ನಿಮ್ಮ ಮತಗಟ್ಟೆಯ ಭಾಗ ಸಂಖ್ಯೆಯನ್ನು ತೆರೆಯಿರಿ. ಅಂಕೋಲಾದವರು ಕಾರವಾರ ಕ್ಷೇತ್ರದಡಿ ನೋಡಬೇಕು. ಪುಟಗಳು ಚಿತ್ರರೂಪದಲ್ಲಿರುವುದರಿಂದ ಹೆಸರು ಟೈಪಿಸಿ ಹುಡುಕಲು ಬರುವುದಿಲ್ಲ. ಮುದ್ರಿಸಿ, ಬೆರಳಿಟ್ಟು ಓದುವುದೇ ದಾರಿ.

ಪಟ್ಟಿಯಿಂದ ಜನರ ಕಡೆಗೆ ಹೋಗುವಾಗ ಮೊದಲು ಮಾದರಿ ಆರಿಸಬೇಕು. ಪಟ್ಟಿಯಲ್ಲಿ 1,080 ಹೆಸರುಗಳಿವೆ, ನಿಮಗೆ 60 ಬೇಕು ಎಂದುಕೊಳ್ಳಿ: ಭಾಗಿಸಿದರೆ 18. ಒಂದರಿಂದ ಹದಿನೆಂಟರೊಳಗೆ ಚೀಟಿ ಎತ್ತಿ, 7 ಬಂದರೆ 7, 25, 43 ಹೀಗೆ ಪ್ರತಿ ಹದಿನೆಂಟನೆಯ ಹೆಸರನ್ನು ತೆಗೆದುಕೊಳ್ಳಿ. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡುವುದುಂಟು, ಆದರೆ ಅದು ಚೆನ್ನಾಗಿ ಕದಡಿದ ಪಾತ್ರೆಗೆ ಮಾತ್ರ ಸಲ್ಲುವ ಮಾತು. ರಸ್ತೆ ಬದಿಯ ಮನೆಗಳನ್ನೇ ಆರಿಸಿದರೆ ಗುಡ್ಡದ ಮೇಲಿನ ಮಜರೆಯ ಸ್ಥಿತಿ ಎಂದೂ ತಿಳಿಯದು. ಹಾಗೆಯೇ 60ರಲ್ಲಿ 6 ಹೆಸರು ತಪ್ಪೆಂದು ಕಂಡರೆ ‘ಶೇಕಡಾ 10 ತಪ್ಪು’ ಎಂದು ಡಂಗುರ ಸಾರಬೇಡಿ. ಅಷ್ಟು ಸಣ್ಣ ಮಾದರಿಯಲ್ಲಿ ನಿಜವಾದ ಪ್ರಮಾಣ 5ರಿಂದ 20ರ ನಡುವೆ ಎಲ್ಲಿಯೂ ಇರಬಹುದು. ಮಾದರಿಯಿಂದ ತಿಳಿಯುವುದು ಸಮಸ್ಯೆಯ ಗಾತ್ರದ ಅಂದಾಜು. ಅದು ಗಂಭೀರವೆನಿಸಿದರೆ ಎಲ್ಲ ಮನೆಗಳಿಗೂ ಹೋಗಬೇಕು.

ಈ ಹಂತದಲ್ಲಿ ನಮ್ಮ ಕರಾವಳಿಯ ಹೆಸರುಗಳೇ ದೊಡ್ಡ ಪರೀಕ್ಷೆ. ಒಂದೇ ಭಾಗದಲ್ಲಿ ಗಣಪತಿ ನಾಯ್ಕ ಎಂಬವರು ಆರು ಮಂದಿ, ದೇವಿ ಗೌಡ ಎಂಬವರು ನಾಲ್ಕು ಮಂದಿ ಇದ್ದರೆ ಅದು ನಕಲಿಯಲ್ಲ, ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ. ತಂದೆ ಅಥವಾ ಗಂಡನ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಈ ಮೂರೂ ತಾಳೆಯಾದಾಗ ಮಾತ್ರ ಎರಡು ನಮೂದು ಎಂದು ಬರೆಯಿರಿ. ‘ನಾಯ್ಕ’ ಮತ್ತು ‘ನಾಯಕ’ ಒಂದಕ್ಷರದ ವ್ಯತ್ಯಾಸವೆಂದು ಹೊರಗಿನವರಿಗೆ ಅನಿಸಬಹುದು. ಅಂಕೋಲಾದಲ್ಲಿ ಅದು ಬೇರೆ ಮನೆತನವನ್ನೇ ಸೂಚಿಸುತ್ತದೆ, ಆದ್ದರಿಂದ ಒಂದರ ಬದಲು ಇನ್ನೊಂದು ಅಚ್ಚಾಗಿದ್ದರೆ ತಿದ್ದುಪಡಿಯ ಪಟ್ಟಿಗೆ ಸೇರಿಸಿಕೊಳ್ಳಿ.

ಜನರಿಂದ ಪಟ್ಟಿಯ ಕಡೆಗೆ ಬರುವಾಗ ಶಾಲೆಯಿಂದಲೋ ದೇವಸ್ಥಾನದಿಂದಲೋ ಹೊರಟು ಬಲಗೈ ಕಡೆಯ ಪ್ರತಿ ಐದನೆಯ ಮನೆಗೆ ಹೋಗಿ, ಅಲ್ಲಿ ವಾಸವಿರುವ ಹದಿನೆಂಟು ದಾಟಿದ ಎಲ್ಲರ ಹೆಸರು ಬರೆದುಕೊಂಡು ಪಟ್ಟಿಯೊಡನೆ ಹೋಲಿಸಿ. ಮನೆಯ ಯಜಮಾನರು ‘ಎಲ್ಲರದೂ ಇದೆ’ ಎಂದರೆ ನಂಬಿ ಹೊರಡಬೇಡಿ. ಒಳಗಿನಿಂದ ಸೊಸೆಯನ್ನು ಕರೆಯಲು ಹೇಳಿ. ಮದುವೆಯಾಗಿ ಬಂದವಳ ಹೆಸರು ತವರಿನ ಪಟ್ಟಿಯಿಂದ ತೆಗೆದುಹಾಕಲ್ಪಟ್ಟಿರುತ್ತದೆ, ಇಲ್ಲಿ ಸೇರಿರುವುದಿಲ್ಲ. ನಾವು ಕಂಡ ಲೋಪಗಳಲ್ಲಿ ಇದೇ ಹೆಚ್ಚು. ತವರಿನಲ್ಲಿ ಹೆಸರು ಇನ್ನೂ ಇದ್ದರೆ ಸ್ಥಳಾಂತರಕ್ಕೆ ನಮೂನೆ 8 ಸಾಕು, ಬೇರೆ ಕ್ಷೇತ್ರವಾದರೂ ಅದೇ. ಹೆಸರು ಎಲ್ಲಿಯೂ ಇಲ್ಲದಿದ್ದರೆ ನಮೂನೆ 6 ತುಂಬಬೇಕು.

ಊರಿನಲ್ಲಿ ಸದಾ ಇಲ್ಲದವರ ವಿಷಯದಲ್ಲಿ ಆತುರ ಸಲ್ಲದು. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಒಬ್ಬರು ಅಲ್ಲಿನ ಸಾಮಾನ್ಯ ನಿವಾಸಿಯಾಗಿ ಉಳಿಯುವುದಿಲ್ಲ ಎಂದಾಗದು ಎಂದು 1950ರ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಅದೇ ಕಲಮಿನ ಇನ್ನೊಂದು ಮುಖವೆಂದರೆ, ಊರಿನಲ್ಲಿ ಸ್ವಂತ ಮನೆ ಇದೆ ಎಂಬುದಷ್ಟೇ ನಿವಾಸಿಯಾಗಲು ಸಾಲದು. ಆಳಸಮುದ್ರಕ್ಕೆ ಹೋದ ಮೀನುಗಾರ ಇಲ್ಲಿಯವನೇ. ಸಂಸಾರ ಸಮೇತ ಗೋವೆಯಲ್ಲಿ ನೆಲೆಸಿ ಅಲ್ಲಿ ಹೆಸರು ಸೇರಿಸಿಕೊಂಡವರು ಗಡಿಯ ಈಚೆಗಿನ ಮಾಜಾಳಿಯಲ್ಲಿಯೂ ಇಟ್ಟುಕೊಳ್ಳುವಂತಿಲ್ಲ. ಕೊಲ್ಲಿ ದೇಶಗಳಲ್ಲಿರುವ ಭಟ್ಕಳದವರು ಬೇರೆ ದೇಶದ ಪೌರತ್ವ ಪಡೆದಿರದಿದ್ದರೆ ನಮೂನೆ 6ಎ ಮೂಲಕ ಸಾಗರೋತ್ತರ ಮತದಾರರಾಗಬಹುದು, ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಬರಬೇಕು. ಕಾರವಾರದ ಐಎನ್‌ಎಸ್ ಕದಂಬದಂಥ ನೌಕಾನೆಲೆಯ ಸಿಬ್ಬಂದಿ ಸೇವಾ ಮತದಾರರಾಗಿ ತಮ್ಮ ಸ್ವಂತ ಊರಿನ ಪಟ್ಟಿಯಲ್ಲಿರಬಹುದಾದ್ದರಿಂದ ಅವರ ಹೆಸರು ಇಲ್ಲಿಲ್ಲವೆಂದು ಲೋಪದ ಲೆಕ್ಕಕ್ಕೆ ಸೇರಿಸಬೇಡಿ.

ಅರ್ಜಿಗಳನ್ನು ಸಂಘದ ಹೆಸರಿನಲ್ಲಿ ಕಟ್ಟು ಕಟ್ಟಿ ಒಯ್ಯಬೇಡಿ. ತುಂಬಲು ನೆರವಾಗಿ, ಸಲ್ಲಿಸುವವರು ಮತದಾರರೇ ಆಗಿರಲಿ, ಸ್ವೀಕೃತಿ ಸಂಖ್ಯೆಯನ್ನು ಅವರೇ ಇಟ್ಟುಕೊಳ್ಳಲಿ. ಮೊಬೈಲ್ ಬಲ್ಲವರು ಚುನಾವಣಾ ಆಯೋಗದ ಆ್ಯಪ್ ಬಳಸಬಹುದು, ಸಹಾಯವಾಣಿ ಸಂಖ್ಯೆ 1950ಕ್ಕೆ ಕರೆ ಮಾಡಬಹುದು. ಹೆಸರು ತೆಗೆಸುವ ನಮೂನೆ 7ರ ವಿಷಯದಲ್ಲಿ ನನ್ನ ಸಲಹೆ ಇನ್ನೂ ಬಿಗಿ: ಸತ್ತವರ ಮನೆಯವರಿಗೆ ತಿಳಿಸಿ, ಅವರೇ ಸಲ್ಲಿಸಲಿ; ಸಂಘದವರು ಆ ನಮೂನೆಯನ್ನು ಮುಟ್ಟದಿರುವುದೇ ಒಳ್ಳೆಯದು. ಸತ್ತವರ ಹೆಸರು ಇನ್ನೊಂದು ವರ್ಷ ಪಟ್ಟಿಯಲ್ಲಿದ್ದರೆ ಆಗುವ ಕೇಡಿಗಿಂತ ಬದುಕಿರುವವರ ಹೆಸರು ಹೋದರೆ ಆಗುವ ಕೇಡು ದೊಡ್ಡದು. ಸುಳ್ಳು ಘೋಷಣೆಗೆ ಅದೇ 1950ರ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಉಂಟು.

ಯಾರದಾದರೂ ಹೆಸರು ಅವರಿಗೆ ತಿಳಿಯದಂತೆ ಹೋಗಿದ್ದರೆ ಅದು ನಿಯಮಕ್ಕೆ ವಿರುದ್ಧ. ವಾಸವಿಲ್ಲ ಅಥವಾ ಅರ್ಹತೆಯಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಅವರ ಮಾತು ಕೇಳಬೇಕೆಂದು 22ನೇ ಕಲಂ ವಿಧಿಸುತ್ತದೆ. ನೋಂದಣಿ ಅಧಿಕಾರಿಯ ಆದೇಶದ ಮೇಲೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಂದ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಬಿಹಾರದ ಕರಡು ಪಟ್ಟಿಯಿಂದ ಹೊರಗುಳಿದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಲು ಆದೇಶಿಸಿತು ಎಂಬುದನ್ನು ನೆನಪಿಟ್ಟುಕೊಂಡು, ಕಾರಣವನ್ನು ಬರಹದಲ್ಲಿ ಕೇಳಲು ಅಳುಕಬೇಡಿ.

ಮತದಾನದ ದಿನಕ್ಕೆ ಹೆಚ್ಚು ಹೇಳುವುದಿಲ್ಲ. ಚುನಾವಣಾ ಆಯೋಗದ ಅನುಮತಿಯಿಲ್ಲದೆ ನಾಗರಿಕ ವೀಕ್ಷಕರು ಮತಗಟ್ಟೆಯೊಳಗೆ ಹೋಗುವಂತಿಲ್ಲ, ಮತ್ತು ನಮ್ಮಲ್ಲಿ ಎಣಿಕೆ ಮತಗಟ್ಟೆಯಲ್ಲಿ ನಡೆಯದಿರುವುದರಿಂದ ಫಿಲಿಪ್ಪೀನ್ಸ್ ಮಾದರಿಯ ಸಮಾನಾಂತರ ಎಣಿಕೆ ಇಲ್ಲಿಗೆ ಹೊಂದುವುದೂ ಇಲ್ಲ. 85 ದಾಟಿದವರು ಮತ್ತು ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರು ಮನೆಯಿಂದಲೇ ಮತ ಹಾಕಲು ಅಧಿಸೂಚನೆಯ ನಂತರ ಐದು ದಿನಗಳೊಳಗೆ ನಮೂನೆ 12ಡಿ ಕೊಡಬೇಕು ಎಂಬುದನ್ನು ಮಾತ್ರ ಮೊದಲೇ ಮನೆಮನೆಗೆ ತಿಳಿಸಿ.

ಪರಿಶೀಲನೆ ಮುಗಿದ ಮೇಲೆ ಒಂದು ಪುಟದ ವರದಿ ಬರೆದು, ಎಷ್ಟು ಮನೆ, ಎಷ್ಟು ಹೆಸರು, ಯಾವ ಬಗೆಯ ಲೋಪ ಎಷ್ಟು ಎಂಬುದನ್ನು ಮೊದಲು ಮತಗಟ್ಟೆ ಮಟ್ಟದ ಅಧಿಕಾರಿಗೆ ತೋರಿಸಿ. ಅವರು ಬಹುತೇಕ ನಿಮ್ಮೂರಿನ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ, ತಮ್ಮ ಕೆಲಸದ ಜೊತೆಗೆ ಇದನ್ನೂ ಹೊತ್ತಿರುತ್ತಾರೆ. ಪತ್ರಿಕೆಯಲ್ಲಿ ಓದಿ ತಿಳಿಯುವ ಮುಜುಗರ ಅವರಿಗೆ ಬೇಡ. ಅನಂತರ ತಹಶೀಲ್ದಾರ ಕಚೇರಿಗೆ ಪ್ರತಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಮನೆಮನೆಯಲ್ಲಿ ಬರೆದ ಹಾಳೆಗಳಲ್ಲಿ ಜಾತಿ, ಧರ್ಮ, ಆಧಾರ್ ಸಂಖ್ಯೆ ಇರಲೇಬಾರದು; ಅರ್ಜಿಗಳೆಲ್ಲ ಇತ್ಯರ್ಥವಾದ ಮೇಲೆ ಅವನ್ನು ಸುಟ್ಟು, ಎಣಿಕೆಯ ಒಂದು ಹಾಳೆಯನ್ನು ಮಾತ್ರ ಮುಂದಿನ ಜೂನ್‌ನ ಹೋಲಿಕೆಗೆಂದು ಎತ್ತಿಡಿ.