ಪಾದ ಜೋತುಬಿದ್ದವರಿಗೆ ಬ್ರೇಸ್: ನಾನು ಮಾಡುವ ಕ್ರಮ

ಚಿತ್ರದುರ್ಗದ ಸುತ್ತ ಪಾದ ಜೋತುಬಿದ್ದು, ಅಂದರೆ ಪಾದದ ಮುಂಭಾಗ ಎತ್ತಲಾಗದೆ, ಬರುವವರು ರೋಗದ ಹೆಸರು ಹೇಳುವುದಿಲ್ಲ. "ಚಪ್ಲಿ ಕಾಲಾಗೆ ನಿಲ್ಲಲ್ಲ ಸಾರ್, ಬಿಟ್ಟೋದ್ರೂ ಗೊತ್ತಾಗಲ್ಲ" ಅನ್ನುತ್ತಾರೆ. ಪಾದ ಎತ್ತುವ ಸ್ನಾಯುಗಳಿಗೆ ಹೋಗುವ ನರ ಮಂಡಿಯ ಹೊರಬದಿಯಲ್ಲಿ, ಫಿಬುಲಾ ಎಂಬ ಕಾಲಿನ ಹೊರಬದಿಯ ತೆಳು ಎಲುಬಿನ ತಲೆಯ ಕೆಳಗೆ, ಬರೀ ಚರ್ಮದ ಅಡಿಯಲ್ಲೇ ಸುತ್ತಿ ಹೋಗುತ್ತದೆ. ಈರುಳ್ಳಿ ಕೊಯ್ಯುವಾಗ, ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ಅದು ಅಲ್ಲೇ ಒತ್ತಿಕೊಳ್ಳುತ್ತದೆ. ಲಕ್ವ, ಸೊಂಟದ ಡಿಸ್ಕ್, ಕುಷ್ಠ, ಬಿಗಿಯಾಗಿ ಹಾಕಿದ ಪ್ಲಾಸ್ಟರ್, ಮಕ್ಕಳಲ್ಲಿ ಪಿರ್ರೆಯ ತಪ್ಪು ಜಾಗಕ್ಕೆ ಕೊಟ್ಟ ಇಂಜೆಕ್ಷನ್, ಇವೂ ಕಾರಣಗಳೇ.

ಹಾಗಾಗಿ ವೈದ್ಯರ ಚೀಟಿ ಇಲ್ಲದೆ ನಾನು ಬ್ರೇಸಿಗೆ, ಅಂದರೆ ಪಾದ ಎತ್ತಿಹಿಡಿಯುವ ಪ್ಲಾಸ್ಟಿಕ್ ಆಸರೆಗೆ, ಕಾಲಿನ ಅಚ್ಚು ತೆಗೆಯುವುದಿಲ್ಲ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೆ ಅದು ಅದೇ ದಿನ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಯಿದ್ದರೆ ಮೊದಲು ಕುಷ್ಠ ಪರೀಕ್ಷೆ. ಅದರ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬ್ರೇಸ್ ನರವನ್ನು ವಾಸಿ ಮಾಡುವುದಿಲ್ಲ. ಎಳೆ ಹರಿದ ನರ ಬೆಳೆದರೂ ದಿನಕ್ಕೆ ಸುಮಾರು 1 ಮಿಲಿಮೀಟರ್. ಅಷ್ಟು ತಿಂಗಳು ಪಾದವನ್ನು ಜೋತುಬಿಟ್ಟರೆ ಮೀನಖಂಡ ಗಿಡ್ಡವಾಗುತ್ತದೆ, ಆಮೇಲೆ ನರ ಬಂದರೂ ಪಾದ ಮೇಲೇಳುವುದಿಲ್ಲ. ಅದನ್ನು ತಡೆಯುವುದು, ಎಡವಿ ಬೀಳದಂತೆ ನೋಡಿಕೊಳ್ಳುವುದು ಬ್ರೇಸಿನ ಕೆಲಸ.

ಮೊದಲು ಮಂಡಿ ನೇರ ಇಟ್ಟು, ಕೈಯಿಂದ ಪಾದ ಎತ್ತಿ, ಕಣಕಾಲು 90 ಡಿಗ್ರಿಗೆ ಬರುತ್ತದೆಯೇ ನೋಡುತ್ತೇನೆ. ಬಾರದಿದ್ದರೆ ಒತ್ತಾಯದಿಂದ ಎತ್ತಿ ಅಚ್ಚು ತೆಗೆಯಬಾರದು. ಹಾಗೆ ಮಾಡಿದ ಬ್ರೇಸಿನೊಳಗೆ ಹಿಮ್ಮಡಿ ಕೂರುವುದೇ ಇಲ್ಲ, ಮೇಲೆದ್ದು ಉಜ್ಜಿ ಗಾಯವಾಗುತ್ತದೆ. ಟವೆಲನ್ನು ಪಾದದ ಮುಂಭಾಗಕ್ಕೆ ಹಾಕಿ 30 ಸೆಕೆಂಡಿನಂತೆ ಐದು ಸಲ, ದಿನಕ್ಕೆ ಎರಡು ಹೊತ್ತು ಎಳೆಯಲು ಹೇಳಿ ಕೆಲವು ವಾರ ಕಾಯುತ್ತೇನೆ. ಆಗಲೂ ಬಾರದಿದ್ದರೆ ಕಾಲು ಇದ್ದ ಕೋನದಲ್ಲೇ ಅಚ್ಚು ತೆಗೆದು, ಹಿಮ್ಮಡಿಯಡಿ ರಬ್ಬರ್ ಏರಿಸುತ್ತೇನೆ.

ಅಚ್ಚು ತೆಗೆಯುವಾಗ ಕಾಲಿಗೆ ಬಟ್ಟೆಯ ಕಾಲುಚೀಲ ಏರಿಸಿ, ಅಳಿಸದ ಪೆನ್ಸಿಲಿನಿಂದ ಫಿಬುಲಾ ತಲೆ, ಕಣಕಾಲಿನ ಎರಡೂ ಬದಿಯ ಗಿಣ್ಣು, ಪಾದದ ಒಳಬದಿಯ ಉಬ್ಬೆಲುಬು, ಕಿರುಬೆರಳಿನ ಬುಡದ ಎಲುಬು ಗುರುತು ಹಾಕುತ್ತೇನೆ. ಆ ಗುರುತು ಪ್ಲಾಸ್ಟರಿನ ಒಳಮೈಗೆ ತಾನೇ ಇಳಿಯುತ್ತದೆ. ಮುಂಭಾಗಕ್ಕೆ ಉದ್ದಕ್ಕೂ ಒಂದು ರಬ್ಬರ್ ನಳಿಗೆ ಇಡಬೇಕು. ಕತ್ತರಿಸುವಾಗ ಬ್ಲೇಡು ಅದರ ಮೇಲೆ ಹೋದರೆ ಚರ್ಮಕ್ಕೆ ತಗಲುವುದಿಲ್ಲ. ಪ್ಲಾಸ್ಟರ್ ಪಟ್ಟಿಯನ್ನು ಉಗುರುಬೆಚ್ಚನೆಯ ನೀರಲ್ಲಿ ಅದ್ದಿ ಕೆಳಗಿನಿಂದ ಮೇಲಕ್ಕೆ ಸುತ್ತುತ್ತೇನೆ, ಎಳೆದು ಬಿಗಿಯುವುದಿಲ್ಲ. ಗಟ್ಟಿಯಾಗುವ ಆ ನಾಲ್ಕೈದು ನಿಮಿಷವೇ ಇಡೀ ಕೆಲಸದ ಜೀವಾಳ. ಪಾದ 90 ಡಿಗ್ರಿಯಲ್ಲಿರಬೇಕು, ಹಿಮ್ಮಡಿ ಒಳಕ್ಕೂ ಹೊರಕ್ಕೂ ವಾಲಬಾರದು, ಎರಡನೇ ಬೆರಳು ಮಂಡಿಚಿಪ್ಪಿನ ನೇರಕ್ಕೆ ಹತ್ತಿರವಿರಬೇಕು. ರೋಗಿ ಸಹಾಯ ಮಾಡಲು ಹೋಗಿ ತಾನೇ ಕಾಲು ಬಿಗಿಮಾಡುತ್ತಾನೆ. "ಯಜಮಾನ್ರೇ, ಕಾಲು ನನ್ನ ಕೈಗೆ ಬಿಟ್ಬಿಡಿ" ಎಂದು ಎರಡು ಸಲವಾದರೂ ಹೇಳಬೇಕಾಗುತ್ತದೆ.

ಬಿಡಿಸಿದ ಅಚ್ಚಿನೊಳಗೆ ಸೋಪುನೀರು ಸವರಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ ಪ್ಲಾಸ್ಟರ್ ತುಂಬಿದರೆ ಕಾಲಿನ ಪ್ರತಿರೂಪ ಸಿಗುತ್ತದೆ. ಎಲುಬು ಉಬ್ಬಿದ ಕಡೆ 3ರಿಂದ 5 ಮಿಲಿಮೀಟರ್ ಪ್ಲಾಸ್ಟರ್ ಸೇರಿಸುತ್ತೇನೆ, ಒತ್ತಡ ತಡೆಯಬಲ್ಲ ಮಾಂಸದ ಜಾಗದಲ್ಲಿ ಅರದಿಂದ ತೆಗೆಯುತ್ತೇನೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಹಾಳೆ ಮಕ್ಕಳಿಗೆ 3 ಮಿಲಿಮೀಟರ್, ದೊಡ್ಡವರಿಗೆ 4, ತೂಕದ ಆಸಾಮಿಗೆ 5. ಬೆಳ್ಳಗಿನ ಹಾಳೆ ಓವನ್ನಿನಲ್ಲಿ ಗಾಜಿನಂತೆ ತಿಳಿಯಾದಾಗ ಹೊರತೆಗೆದು ಪ್ರತಿರೂಪದ ಮೇಲೆ ಹೊದಿಸಿ, ವ್ಯಾಕ್ಯೂಮಿನಿಂದ ಗಾಳಿ ಹೀರಿ ಅಂಟಿಸಬೇಕು. ಅವಸರದಲ್ಲಿ ಬಿಸಿಯಿರುವಾಗಲೇ ಬಿಡಿಸಿದರೆ ಬಾಗುತ್ತದೆ. ರಾತ್ರಿಯಿಡೀ ಅಚ್ಚಿನ ಮೇಲೆಯೇ ಬಿಡುವುದು ಒಳ್ಳೆಯದು.

ಅಂಚು ಎಲ್ಲಿ ಕತ್ತರಿಸುತ್ತೀರಿ ಎಂಬುದರ ಮೇಲೆ ಬ್ರೇಸಿನ ಗುಣ ನಿಂತಿದೆ. ಗಿಣ್ಣಿನ ಹಿಂದೆ ಕತ್ತರಿಸಿದರೆ ಸ್ಪ್ರಿಂಗಿನಂತೆ ಬಾಗುತ್ತದೆ, ಪಾದ ಮಾತ್ರ ಜೋತವರಿಗೆ ಅದು ಸಾಕು. ಲಕ್ವದಲ್ಲಿ ಪಾದ ಬಿಗಿಹಿಡಿದು ಒಳತಿರುಗುವವರಿಗೆ ಗಿಣ್ಣಿನ ಮುಂದಕ್ಕೆ ತರಬೇಕು. ಮೇಲಂಚು ಫಿಬುಲಾ ತಲೆಗಿಂತ 2ರಿಂದ 2.5 ಸೆಂಟಿಮೀಟರ್ ಕೆಳಗಿರಲೇಬೇಕು. ಎತ್ತರ ಹೆಚ್ಚಾದರೆ ಮೊದಲೇ ಸೋತ ನರವನ್ನು ಬ್ರೇಸೇ ಇನ್ನಷ್ಟು ಒತ್ತುತ್ತದೆ. ಸಣ್ಣ, ಮಧ್ಯಮ, ದೊಡ್ಡದು ಎಂದು ಅಂಗಡಿಯಲ್ಲಿ ಸಿಗುವ ಸಿದ್ಧ ಬ್ರೇಸುಗಳಲ್ಲಿ ನನಗೆ ಭಯವಿರುವುದು ಇಲ್ಲೇ. ಕುಳ್ಳಗಿನ ಹೆಂಗಸರ ಕಾಲಿಗೆ ಅದು ಸರಿಯಾಗಿ ಆ ನರದ ಮೇಲೆ ಬಂದು ಕೂರುವುದುಂಟು.

ಹಾಕಿಸಿ ನಡೆಸಿದಾಗ ಕಣ್ಣು ಮಂಡಿಯ ಮೇಲಿರಬೇಕು. ಹಿಮ್ಮಡಿ ಊರಿದ ಕೂಡಲೇ ಮಂಡಿ ಮುಂದಕ್ಕೆ ತಳ್ಳಿದಂತಾದರೆ ಬ್ರೇಸ್ ಗಡುಸಾಯಿತು, ಇಲ್ಲವೇ ಪಾದ 90 ಡಿಗ್ರಿಗಿಂತ ಮೇಲೆದ್ದಿದೆ. ಮಂಡಿ ಹಿಂದಕ್ಕೆ ಬಾಗಿದರೆ ಪಾದ ಇನ್ನೂ ಕೆಳಗಿದೆ. ಈ ತಿದ್ದುಪಡಿ ಮುಗಿಯದೆ ಮನೆಗೆ ಕಳಿಸಬಾರದು.

ಬ್ರೇಸಿಗೆ ಬೂಟು, ಇಲ್ಲವೇ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಬೇಕು. ಒಂದು ಸೈಜು ದೊಡ್ಡದು ತೆಗೆದುಕೊಂಡು ಒಳಗಿನ ಅಟ್ಟೆ ಕಿತ್ತರೆ ಜಾಗವಾಗುತ್ತದೆ. ಹವಾಯಿ ಚಪ್ಪಲಿಯಲ್ಲಿ ನಿಲ್ಲುವುದಿಲ್ಲ. ಮನೆಯೊಳಗೆ ಚಪ್ಪಲಿ ಹಾಕದವರೇ ಹೆಚ್ಚಾದ್ದರಿಂದ ಬ್ರೇಸಿನ ತಳಕ್ಕೆ ತೆಳು ರಬ್ಬರ್ ಅಂಟಿಸಿ ಕೊಡುತ್ತೇನೆ, ಇಲ್ಲದಿದ್ದರೆ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಜಾರುತ್ತದೆ. ನೆಲದ ಮೇಲೆ ಊಟಕ್ಕೆ ಕೂರುವಾಗ ಬಿಚ್ಚಿಡಬಹುದು. ಕುಕ್ಕರಗಾಲು ಮಾತ್ರ ನರ ಬರುವ ತನಕ ಬೇಡವೇ ಬೇಡ. ಹೊಲದಲ್ಲಿ ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕೂರಲಿ.

ಮೊದಲ ದಿನ ಹತ್ತಿಯ ಕಾಲುಚೀಲದ ಮೇಲೆ ಒಂದು ತಾಸು, ಎರಡು ಹೊತ್ತು. ದಿನಕ್ಕೆ ಒಂದು ತಾಸಿನಂತೆ ಏರಿಸಿದರೆ ವಾರ ಹತ್ತು ದಿನದಲ್ಲಿ ಹಗಲಿಡೀ ಹಾಕಬಹುದು. ಬಿಚ್ಚಿದಾಗ ಕಂಡ ಕೆಂಪು 20-30 ನಿಮಿಷದಲ್ಲಿ ಮಾಯವಾಗಬೇಕು. ಉಳಿದರೆ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ ಬ್ರೇಸ್ ಸಮೇತ ಬಂದುಬಿಡಿ, ಬಿಸಿಗಾಳಿ ಬಿಡುವ ಹೀಟ್ ಗನ್ನಿನಿಂದ ಅಲ್ಲಿ ಪ್ಲಾಸ್ಟಿಕ್ ಉಬ್ಬಿಸುವುದು ಐದು ನಿಮಿಷದ ಕೆಲಸ. ಹತ್ತಿ, ಬಟ್ಟೆಚೂರು ತುರುಕಿ ಹಾಕಿಕೊಂಡರೆ ಒತ್ತಡ ಇನ್ನೂ ಹೆಚ್ಚಾಗುತ್ತದೆ. ಸಕ್ಕರೆ ಕಾಯಿಲೆ, ಕುಷ್ಠದಿಂದ ಪಾದದ ಸ್ಪರ್ಶ ಹೋದವರಿಗೆ ಗಾಯವಾದರೂ ನೋವಾಗುವುದಿಲ್ಲ. ಒಳಗೆ ಮೆತ್ತನೆಯ ಪದರ ಕೊಟ್ಟಿರುತ್ತೇನೆ, ಆದರೂ ರಾತ್ರಿ ಮನೆಯವರೇ ದೀಪದ ಬೆಳಕಲ್ಲಿ ಪಾದ ತಿರುಗಿಸಿ ನೋಡಬೇಕು.

ವೆಲ್ಕ್ರೋದಲ್ಲಿ ಹೊಲದ ಮಣ್ಣು, ಕಸಕಡ್ಡಿ ಸಿಕ್ಕಿ ಹಿಡಿತ ಬಿಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ವಾರಕ್ಕೊಮ್ಮೆ ಕೆರೆದರೆ ಸಾಕು. ಗಿಣ್ಣಿನ ಬಳಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಗೆರೆ ಕಂಡರೆ ಅಲ್ಲೇ ಸೀಳು ಬಿಡಲಿದೆ ಎಂದರ್ಥ, ಕಾಯದೆ ಬನ್ನಿ. ಮಕ್ಕಳದ್ದಾದರೆ ಮೂರು ತಿಂಗಳಿಗೊಮ್ಮೆ ಕರೆತನ್ನಿ. ಬೆರಳು ಅಂಚು ದಾಟಿದೆಯೇ, ಗಿಣ್ಣು ಬ್ರೇಸಿನಲ್ಲಿ ತನಗಾಗಿ ಬಿಟ್ಟ ಗುಳಿಯೊಳಗೇ ಕೂತಿದೆಯೇ ನೋಡಿ ಹೊಸ ಅಚ್ಚು ಬೇಕೋ ಬೇಡವೋ ಹೇಳುತ್ತೇನೆ.